ನೂರೆಂಟು ಕ್ಲಿಕ್

ಮೇಲಿನ ರೂಮಿನಲ್ಲಿ ಪಾತ್ರೆಯೊಂದು ನೆಲಕ್ಕೆ ಬಿದ್ದ ಸದ್ದಾದಾಗ ಸುಬ್ಬಲಕ್ಷ್ಮಿ ಅಡುಗೆಮನೆಯಲ್ಲಿ ಕೂತು ಹುರುಳಿಕಾಯಿಯ ನಾರು ತೆಗೆಯುತ್ತಿದ್ದಳು. ಬಿದ್ದದ್ದೋ ಎಸೆದದ್ದೋ ಗೊತ್ತಾಗಲಿಲ್ಲ. ಕೈ ನಿಲ್ಲಿಸಿ ಕಿವಿಗೊಟ್ಟಳು. ಭಾನುವಾರ ಬೆಳಿಗ್ಗೆ ಹತ್ತು ಗಂಟೆ. ಪಕ್ಕದ ಇನ್ಶೂರೆನ್ಸ್ ಕಾಲೊನಿಯ ಮಕ್ಕಳು ಕ್ರಿಕೆಟ್ ಆಡುತ್ತ ಅರಚುತ್ತಿದ್ದರಿಂದ ಮೇಲಿನ ಮಾತು ತುಂಡುತುಂಡಾಗಿ ಇಳಿದು ಬರುತ್ತಿತ್ತು. ‘ನಿನಗ ಹೇಳಿದ್ನೋ ಇಲ್ಲೋ? ಮುಟ್ಟಬ್ಯಾಡ ಅಂತ ಹೇಳಿದ್ನೋ ಇಲ್ಲೋ?’ ಮೇಲೆ ಬಾಡಿಗೆಗಿದ್ದ ದತ್ತುವಿನ ದನಿ. ಅದಕ್ಕೆ ಅವನ ಹೆಂಡತಿ ಲಕ್ಷ್ಮಿದೇವಿ ಏನೋ ಅಂದಳು, ಅದು ಕೇಳಲಿಲ್ಲ. ಆಮೇಲೆ ಸ್ಪಷ್ಟವಾಗಿ, ‘ಸಂಜಿ ರೈಲಿಗೆ ಹತ್ತಸ್ತೀನಿ, ಊರಿಗೆ ನಡಿ. ನಿನ್ನ ಕೂಡ ಇನ್ನ ಆಗಂಗಿಲ್ಲ ನನಗ.’ ಸುಬ್ಬಲಕ್ಷ್ಮಿ ಇನ್ನೊಂದು ಕಾಯಿ ಎತ್ತಿಕೊಂಡಳು. ನಾರು ಪೂರ್ತಿ ಬರದೆ ಅರ್ಧಕ್ಕೇ ಕಿತ್ತುಹೋಯಿತು, ಸಿಟ್ಟು ಬಂತು.

ಜಗಳ ಏತಕ್ಕೆಂದು ಅವಳಿಗೆ ಗೊತ್ತಿತ್ತು. ಶುಕ್ರವಾರ ಸಂಜೆ ದತ್ತು ತಾನಾಗಿ ಕೆಳಗಿಳಿದು ಬಂದು, ಒಳಗೆ ಕೂರೆಂದರೂ ಕೂರದೆ, ಬಾಗಿಲ ಚೌಕಟ್ಟು ಹಿಡಿದುಕೊಂಡು ಎಲ್ಲ ಹೇಳಿದ್ದ. ಊರಿನ ಬಸ್ಸುಗಳ ನಂಬರು, ದಾರಿ, ಹೊತ್ತು ಎಲ್ಲವನ್ನೂ ಕನ್ನಡದಲ್ಲಿ ಬರೆದು ಅವನು ಇಂಟರ್ನೆಟ್ಟಿನಲ್ಲಿ ಒಂದು ಪೇಜು ಮಾಡಿದ್ದ. ನೋಡುವವರು ಕಾಸು ಕೊಡಬೇಕಾಗಿರಲಿಲ್ಲ. ಪಕ್ಕದಲ್ಲಿ ಬರುವ ಜಾಹೀರಾತುಗಳಿಂದ ಅವನಿಗೆ ಏನೋ ಒಂದಿಷ್ಟು ಸೇರುತ್ತಿತ್ತು, ನೂರು ಡಾಲರು ತುಂಬಿದ ಮೇಲೆ ಕಂಪನಿಯವರು ಚೆಕ್ಕು ಕಳಿಸುತ್ತಿದ್ದರು. ತುಂಬಿತ್ತು. ಮೊದಲನೇ ಚೆಕ್ಕು ಬರಬೇಕಾದ ವಾರದಲ್ಲೇ ಕಂಪನಿಯವರು ಪತ್ರ ಹಾಕಿ, ನಿಮ್ಮದೇ ಮನೆಯ ಕನೆಕ್ಷನ್‌ನಿಂದ ಒಂದೇ ದಿನ ಸುಳ್ಳು ಕ್ಲಿಕ್ಕುಗಳು ಬಿದ್ದಿವೆ, ನಿಮ್ಮ ಖಾತೆ ಮುಚ್ಚಿದ್ದೇವೆ, ಸೇರಿದ್ದು ವಾಪಸು ಹೋಯಿತು, ಮತ್ತೆ ನಮ್ಮನ್ನು ಕೇಳಬೇಡಿ ಎಂದುಬಿಟ್ಟಿದ್ದರು. ರೂಮಿನಲ್ಲಿ ಇರುವುದು ಇಬ್ಬರು. ದತ್ತು ಒತ್ತಿಲ್ಲ. ಹಾಗಾದರೆ ಒತ್ತಿದವಳು ಲಕ್ಷ್ಮಿದೇವಿ. ‘ನಿಮ್ಮನ್ನ ಕೇಳೋದ ಇಲ್ಲ ಬಿಡ್ರಿ ಅಕ್ಕಾರ, ನೀವು ಅಂಥವ್ರಲ್ಲ’ ಎಂದು ಅವನೇ ಹೇಳಿ ಹೋಗಿದ್ದ.

ಒತ್ತಿದವಳು ಸುಬ್ಬಲಕ್ಷ್ಮಿ. ಅದರ ಹಿಂದಿನ ಶನಿವಾರ ಮಧ್ಯಾಹ್ನ, ಅರ್ಧ ದಿನದ ಆಫೀಸು ಮುಗಿಸಿ ಬಂದು, ಈ ಅಡುಗೆಮನೆಯ ಆಚೆಗಿರುವ ಹಾಲಿನಲ್ಲಿ ಕೂತು, ನೂರೆಂಟು ಸಲ. ಮೇಲಕ್ಕೆ ಹದಿನಾಲ್ಕು ಮೆಟ್ಟಿಲು. ಹತ್ತಿಹೋಗಿ ಒಂದು ಮಾತು ಹೇಳಿದರೆ ಮುಗಿಯಿತು. ಶುಕ್ರವಾರದಿಂದ ಆ ಮಾತನ್ನು ಬಚ್ಚಲಲ್ಲಿ, ಬಸ್ಸಿನಲ್ಲಿ, ದೇವರ ಮುಂದೆ ಹೇಳಿಕೊಂಡು ನೋಡಿದ್ದಳು. ‘ದತ್ತು, ಒತ್ತಿದ್ದು ನಾನು’ ಎನ್ನುವಷ್ಟರಲ್ಲಿ ಹಿಂದೆಯೇ ‘ಆದರೆ’ ಎಂಬುದೊಂದು ಬಂದು ನಿಲ್ಲುತ್ತಿತ್ತು. ಆ ಆದರೆಯ ಆಚೆಗೆ ಹೇಳಬೇಕಾದದ್ದು ಇಷ್ಟೊಂದಿತ್ತು: ಒತ್ತಿದ್ದು ಏಕೆ, ಅದಕ್ಕೂ ಮುಂಚೆ ಒಂಬತ್ತು ತಿಂಗಳು ಏನು ಮಾಡುತ್ತಿದ್ದಳು, ಆಫೀಸಿನವರ ಕೈಯಲ್ಲಿ ಏನು ಮಾಡಿಸಿದಳು. ಒಂದು ಎಳೆದರೆ ಎಲ್ಲವೂ ಬರುತ್ತಿತ್ತು. ನಲವತ್ತೊಂಬತ್ತು ವರ್ಷದಲ್ಲಿ ಒಬ್ಬರಿಂದಲೂ ಒಂದು ಮಾತು ಅನ್ನಿಸಿಕೊಂಡವಳಲ್ಲ ಅವಳು. ಆಫೀಸಿನ ಪೆನ್ನು ಬ್ಯಾಗಿನಲ್ಲಿ ಮನೆಗೆ ಬಂದರೆ ಮಾರನೆಯ ದಿನ ಒಯ್ದು ಮೇಜಿನ ಮೇಲಿಡುವವಳು. ಕಂಡಕ್ಟರು ಟಿಕೆಟು ಕೊಡದೆ ಮುಂದೆ ಹೋದರೆ ಕರೆದು ಕೇಳಿ ತೆಗೆದುಕೊಳ್ಳುವವಳು. ಅಂಥವಳು ಸೇಡಂ ಕಡೆಯಿಂದ ಬಂದು ಟೆರೇಸಿನ ಶೀಟು ರೂಮಿನಲ್ಲಿರುವ ಇವರ ಮುಂದೆ ನಿಂತು ಕಳ್ಳಿಯ ಹಾಗೆ ವಿವರಣೆ ಕೊಡಬೇಕೆ?

ಕಳ್ಳತನವೇ ಅಲ್ಲ ಅದು. ಮೊದಮೊದಲು ಆ ಪೇಜನ್ನು ಅವಳಷ್ಟು ಮೆಚ್ಚಿದವರಿರಲಿಲ್ಲ. ದತ್ತು ಕೆಲಸ ಮಾಡುವ ರೀತಿಯೇ ವಿಚಿತ್ರ. ಶಿವಾಜಿನಗರದ ಡಿಟಿಪಿ ಅಂಗಡಿ ಮುಚ್ಚಿದ ಮೇಲೆ ಬೇರೆ ಕೆಲಸ ಹುಡುಕದೆ, ಎರಡು ವರ್ಷ ನೋಡೋಣ ಎಂದು ಹೆಂಡತಿಯನ್ನು ಒಪ್ಪಿಸಿ, ಅವಳು ಮಹದೇವಪುರದ ಗಾರ್ಮೆಂಟ್ಸಿಗೆ ಹೋದರೆ ಇವನು ನೋಟ್‌ಬುಕ್ಕು ಹಿಡಿದು ಶಿವಾಜಿನಗರದ ಬಸ್‌ಸ್ಟ್ಯಾಂಡಿಗೆ ಹೋಗುತ್ತಿದ್ದ. ಬೆಳಿಗ್ಗೆ ಆರರಿಂದ ಮಧ್ಯಾಹ್ನದ ತನಕ ಒಂದೇ ಕಂಬದ ಹತ್ತಿರ ನಿಂತು ಬಂದ ಬಸ್ಸು, ಹೋದ ಬಸ್ಸು ಬರೆದುಕೊಳ್ಳುತ್ತಿದ್ದ. ಬೋರ್ಡಿನಲ್ಲಿರುವ ಹೊತ್ತು ಬೇರೆ, ಬಸ್ಸು ಬರುವ ಹೊತ್ತು ಬೇರೆ ಎಂಬುದು ಅವನ ದೊಡ್ಡ ಸಂಶೋಧನೆ. ಒಂದು ದಿನ ಕೆ.ಆರ್. ಪುರದ ಸೇತುವೆ ಕೆಳಗೆ ನಿಂತಿದ್ದಾಗ ಪೊಲೀಸಿನವನು ಯಾರೋ ಇವನು ಎಂದು ಹಿಡಿದು ಕೂರಿಸಿಕೊಂಡಿದ್ದನಂತೆ. ಅದನ್ನು ಹೇಳಿ ಅವನೇ ನಕ್ಕಿದ್ದ. ಕೆಳಗಿನ ಹಾಲಿನಲ್ಲಿದ್ದ ಬ್ರಾಡ್‌ಬ್ಯಾಂಡ್ ಡಬ್ಬಿಯಿಂದ ಒಂದು ಕೇಬಲನ್ನು ಕಿಟಕಿಯ ಸರಳಿನೊಳಗಿಂದ ತೂರಿಸಿ ಮೇಲಕ್ಕೆ ಕೊಟ್ಟವಳು ಸುಬ್ಬಲಕ್ಷ್ಮಿಯೇ. ಅದಕ್ಕೆ ಬಾಡಿಗೆ ತೆಗೆದುಕೊಂಡಿರಲಿಲ್ಲ. ‘ನೀವ್ ನನ್ನ ಪಾಲಿಗೆ ದೇವ್ರು ಇದ್ದಂಗ್ರಿ’ ಅಂದಿದ್ದ. ಆ ಮಾತು ಅವಳಿಗೆ ಎಷ್ಟು ಹಿತವಾಗಿತ್ತೆಂದರೆ ಎರಡು ದಿನ ಯಾರಿಗಾದರೂ ಹೇಳಬೇಕೆಂದು ಒದ್ದಾಡಿದ್ದಳು. ಹೇಳಲು ಯಾರೂ ಇರಲಿಲ್ಲ. ಅಮ್ಮ ಹೋಗಿ ನಾಲ್ಕು ವರ್ಷವಾಗಿತ್ತು.

ಆಮೇಲೆ ಆ ಬುಧವಾರ. ತಾನು ಕೆಲಸ ಮಾಡುವ ಇನ್ಶೂರೆನ್ಸ್ ಬ್ರಾಂಚಿನಲ್ಲಿ ಮಧ್ಯಾಹ್ನದ ಊಟವಾದ ಮೇಲೆ, ಸಂಜೆ ಮನೆಗೆ ಹೋಗುವ ಬಸ್ಸು ಎಷ್ಟು ಹೊತ್ತಿಗೆಂದು ನೋಡಲು ಪೇಜು ತೆರೆದಳು. ಹಿಂದೆ ಕ್ಯಾಷ್ ಸೆಕ್ಷನ್ನಿನ ಸಂಜೀವಪ್ಪ ಟೀ ಲೋಟ ಹಿಡಿದು ನಿಂತದ್ದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನ ಪಟ್ಟಿಯ ಪಕ್ಕದಲ್ಲಿ ರೇಷ್ಮೆ ಸೀರೆ ಉಟ್ಟ ಹೆಣ್ಣೊಬ್ಬಳು ಕಣ್ಣು ತಗ್ಗಿಸಿ ನಿಂತಿದ್ದಳು. ಕೆಳಗೆ ಅಕ್ಷರಗಳು ಹೊಳೆದು ಮಾಯವಾಗಿ ಮತ್ತೆ ಹೊಳೆಯುತ್ತಿದ್ದವು. ‘ಇನ್ನೂ ಕಾಯ್ತಿದ್ದೀರಾ? ನಿಮ್ಮ ವರ ಇಲ್ಲೇ ಇದ್ದಾರೆ’ ಎಂದು ಸಂಜೀವಪ್ಪ ಸ್ಪಷ್ಟವಾಗಿ, ನಾಟಕದವನ ಹಾಗೆ ಓದಿದ. ಓದಿ, ‘ಬಸ್ಸಿಗಾ ಮೇಡಂ, ಅಥವಾ...’ ಎಂದು ನಿಲ್ಲಿಸಿದ. ಇಡೀ ಸೆಕ್ಷನ್ನು ನಕ್ಕಿತು. ಸುಬ್ಬಲಕ್ಷ್ಮಿಯೂ ನಕ್ಕಳು. ನಗದೆ ಇದ್ದಿದ್ದರೆ ಇನ್ನೂ ಹೀನಾಯವಾಗುತ್ತಿತ್ತು. ಮಧ್ಯಾಹ್ನವಿಡೀ ಪಾಲಿಸಿ ನಂಬರು ತಪ್ಪುತಪ್ಪಾಗಿ ಹೊಡೆದಳು. ಮೂವತ್ತು ವರ್ಷದ ಹಿಂದೆ, ಬೆನ್ಸನ್ ಟೌನಿನ ಒಂದು ಮನೆಯ ಜಗುಲಿಯಲ್ಲಿ, ಹುಡುಗನ ಕಡೆಯವರು ಉಪ್ಪಿಟ್ಟು ತಿಂದು ಕೈತೊಳೆದು, ಹುಡುಗಿ ಸ್ವಲ್ಪ ದಪ್ಪ ಎಂದು ಅವಳ ಎದುರಿಗೇ ಅಂದಿದ್ದರು. ಅವರೆಲ್ಲ ಈಗ ಎಲ್ಲಿದ್ದಾರೋ, ಸತ್ತೇ ಹೋಗಿರಬಹುದು. ಆದರೂ ಅವರು ಇಷ್ಟು ವರ್ಷವಾದ ಮೇಲೆ ಬಸ್ಸಿನ ಪಟ್ಟಿಯ ಪಕ್ಕದಲ್ಲಿ ಬಂದು ಕೂತಿದ್ದರು.

ಆ ಜಾಹೀರಾತನ್ನು ಅಲ್ಲಿ ಕೂರಿಸಿದವನು ದತ್ತುವೇ ಎಂದು ಅವಳಿಗೆ ಅನ್ನಿಸಿತು. ತನ್ನನ್ನು ದಿನಾ ನೋಡುವವನು, ಒಂಟಿ ಹೆಂಗಸು ಎಂದು ಬಲ್ಲವನು. ಆ ಸಂಜೆ ಟೆರೇಸಿಗೆ ಬಟ್ಟೆ ತೆಗೆಯಲು ಹೋದಾಗ ಕೇಳಿಯೇ ಬಿಟ್ಟಳು. ‘ಏನ್ ದತ್ತು, ನಿಮ್ ಪೇಜಲ್ಲಿ ಎಂತೆಂಥದೋ ಹಾಕ್ತೀರಲ್ಲ, ಮರ್ಯಾದಸ್ಥರು ನೋಡೋದ್ ಬೇಡ್ವಾ?’ ಅವನು ಗಾಬರಿಯಾಗಿ, ‘ನಾ ಹಾಕಂಗಿಲ್ರಿ ಅಕ್ಕಾರ, ಅದು ಕಂಪನಿಯವ್ರು ಹಾಕ್ತಾರ. ಯಾರಿಗ್ ಏನ್ ಬರ್ತದ ನನಗ ಗೊತ್ತ ಆಗಂಗಿಲ್ಲ’ ಅಂದ. ಸುಳ್ಳು ಹೇಳುತ್ತಿದ್ದಾನೆ ಅಂದುಕೊಂಡಳು. ನಿಜವಿರಬಹುದು ಎಂದೂ ಗೊತ್ತಿತ್ತು. ಆದರೆ ಸಿಟ್ಟಿಗೆ ಒಂದು ಮುಖ ಬೇಕಾಗಿತ್ತು, ಕಂಪನಿಗೆ ಮುಖವಿರಲಿಲ್ಲ.

ಮುಂದಿನ ಭಾನುವಾರ ಅಣ್ಣನ ಮಗ ಶಿಶಿರ್ ಊಟಕ್ಕೆ ಬಂದಾಗ ಕಂಪ್ಯೂಟರಿಗೆ ಏನೋ ಒಂದು ಹಾಕಿಕೊಟ್ಟ. ‘ಇನ್ಮೇಲೆ ಒಂದು ಆ್ಯಡೂ ಬರಲ್ಲ ಅತ್ತೆ, ಕ್ಲೀನ್ ಆಗಿರುತ್ತೆ.’ ಬಸ್ಸಿನ ಪೇಜು ತೆರೆದರೆ ಪಟ್ಟಿ ಮಾತ್ರ ಇತ್ತು. ಪಕ್ಕದ ಜಾಗ ಬಿಳಿಯಾಗಿ, ಗುಡಿಸಿ ಒರೆಸಿದ ನೆಲದಂತೆ ಕಾಣುತ್ತಿತ್ತು. ಅವಳಿಗೆ ಎಷ್ಟು ಸಂತೋಷವಾಯಿತೆಂದರೆ ಶಿಶಿರನಿಗೆ ಎರಡನೇ ಸಲ ಪಾಯಸ ಬಡಿಸಿದಳು. ‘ಇದ್ರಿಂದ ಪೇಜ್ ಮಾಡಿದೋರಿಗೆ ನಷ್ಟ ಅಲ್ವೇನೋ?’ ಎಂದು ಕೇಳಿದ್ದು ನಿಜ. ‘ಅವ್ರಿಗೇನ್ ಅತ್ತೆ, ಎಲ್ಲ ದೊಡ್ ದೊಡ್ ಕಂಪನಿಗಳು’ ಅಂದ ಶಿಶಿರ್, ತಲೆ ಎತ್ತದೆ ಪಾಯಸ ತಿನ್ನುತ್ತ. ಅವರ ನೆತ್ತಿಯ ಮೇಲಿನ ರೂಮಿನಲ್ಲಿ ಆ ದೊಡ್ಡ ಕಂಪನಿ ಚಪ್ಪಲಿ ಎಳೆದುಕೊಂಡು ಓಡಾಡುತ್ತಿತ್ತು. ಸುಬ್ಬಲಕ್ಷ್ಮಿ ಅದನ್ನು ಶಿಶಿರನಿಗೆ ಹೇಳಲಿಲ್ಲ.

ಅಲ್ಲಿಗೆ ಬಿಟ್ಟಿದ್ದರೆ ಆಗಿತ್ತು. ಆದರೆ ತಾನೊಬ್ಬಳೇ ಮಾಡುವುದರಲ್ಲಿ ಏನೋ ಮುಜುಗರವಿತ್ತು, ಎಲ್ಲರೂ ಮಾಡಿದರೆ ಅದು ಪದ್ಧತಿಯಾಗುತ್ತಿತ್ತು. ಬ್ರಾಂಚಿನಲ್ಲಿ ಇಂಟರ್ನೆಟ್ಟಿದ್ದ ಐದೂ ಕಂಪ್ಯೂಟರಿಗೆ ತಾನೇ ಕೂತು ಹಾಕಿದಳು. ಮೊದಲು ಸಂಜೀವಪ್ಪನದಕ್ಕೆ. ‘ಅಸಹ್ಯ ಎಲ್ಲ ಬರಲ್ಲ ಸರ್, ನೆಮ್ಮದಿಯಾಗಿರುತ್ತೆ.’ ಅವನು ಹೌದು ಹೌದು ಎಂದು ತಲೆಯಾಡಿಸಿದ. ಆಮೇಲೆ ಡಿವಿಷನ್ನಿನ ಬೇರೆ ಬ್ರಾಂಚಿನವರಿಗೆ, ಹಲಸೂರು, ಇಂದಿರಾನಗರ, ಶಿವಾಜಿನಗರ ಎಂದು ನೂರೈವತ್ತು ಜನಕ್ಕೆ ಮೇಲ್ ಕಳಿಸಿದಳು. ದತ್ತುವಿನ ಪೇಜಿನ ವಿಳಾಸವನ್ನು ಅವರಿಗೆಲ್ಲ ಹೋದ ವರ್ಷ ಕಳಿಸಿದ್ದವಳೂ ಅವಳೇ, ಬಹಳ ಉಪಯುಕ್ತ, ಎಲ್ಲರೂ ನೋಡಿ ಎಂದು. ಆ ಹಳೆಯ ಮೇಲಿನ ಕೆಳಗೇ ಹೊಸದನ್ನು ಸೇರಿಸಿದಳು: ಈ ಪೇಜನ್ನು ಜಾಹೀರಾತಿಲ್ಲದೆ ನೋಡುವ ಬಗೆ. ಪರೋಪಕಾರ ಮಾಡಿದವಳ ಹುಮ್ಮಸ್ಸಿನಲ್ಲಿ ಆ ದಿನ ಬಸ್‌ಸ್ಟಾಪಿನ ತನಕ ಬೇಗಬೇಗ ನಡೆದಿದ್ದಳು.

ಮೇಲೆ ಈಗ ಲಕ್ಷ್ಮಿದೇವಿ ಅಳುತ್ತಿದ್ದಳು. ದೊಡ್ಡದಾಗಿ ಅಲ್ಲ. ಒಂದೇ ಸಮನೆ, ನಿಲ್ಲಿಸಲಾಗದ ಬಿಕ್ಕಳಿಕೆ ಬಂದವರ ಹಾಗೆ. ಒಳ್ಳೆಯ ಹೆಂಗಸು. ಭಾನುವಾರ ಜೋಳದ ರೊಟ್ಟಿ ಬಡಿದಾಗ ಎರಡನ್ನು ಬಟ್ಟೆಯಲ್ಲಿ ಸುತ್ತಿ ಶೇಂಗಾ ಪುಡಿಯ ಜೊತೆ ತಂದು ಕೊಡುತ್ತಿದ್ದಳು. ಸುಬ್ಬಲಕ್ಷ್ಮಿ ಅದನ್ನು ಎರಡೂ ಕೈಯಲ್ಲಿ ಇಸಿದುಕೊಂಡು, ಎಷ್ಟು ಚೆನ್ನಾಗಿದೆ ಎಂದು ಹೊಗಳಿ, ಅವಳು ಮೆಟ್ಟಿಲು ಹತ್ತಿದ ಮೇಲೆ ಕೆಲಸದ ಅಮೃತಮ್ಮನಿಗೆ ಕೊಟ್ಟುಬಿಡುತ್ತಿದ್ದಳು. ಗಾರ್ಮೆಂಟ್ಸಿನಲ್ಲಿ ದಿನವಿಡೀ ಕಾಲರು ಹೊಲಿದು ಬಂದು ರಾತ್ರಿ ಅಡುಗೆ ಮಾಡುವಾಗಲೂ ಅವಳು ಏನಾದರೂ ಗುನುಗುತ್ತಿದ್ದಳು. ‘ಚೆಕ್ ಬಂದ್ರ ಅದನ್ನ ಮುರಸಂಗಿಲ್ರಿ ಅಕ್ಕಾರ, ಕಟ್ಟ ಹಾಕಸ್ತೀವಿ. ನಮ್ಮ ಮಾವ ಇವ್ರಿಗಿ ಹುಚ್ಚ ಅಂತಾರ್ರಿ. ಅವ್ರ ಮುಂದ ತೂಗ ಹಾಕ್ತೀನಿ’ ಎಂದು ಒಮ್ಮೆ ಹೇಳಿದ್ದಳು. ಹೇಳುವಾಗ ಕಣ್ಣು ಹೊಳೆಯುತ್ತಿತ್ತು. ಗಂಡನ ಮೇಲೆ ಅಷ್ಟು ನಂಬಿಕೆ ಇಟ್ಟವಳನ್ನು ನೋಡಿದರೆ ಸುಬ್ಬಲಕ್ಷ್ಮಿಗೆ ಸ್ವಲ್ಪ ಹೊಟ್ಟೆ ಉರಿಯುತ್ತಿತ್ತು. ಉರಿಯುತ್ತಿತ್ತು ಎಂದು ಒಪ್ಪಿಕೊಳ್ಳುವುದು ಬಿಟ್ಟು, ಪಾಪ, ಹಳ್ಳಿಯವರು, ಅಂದುಕೊಳ್ಳುತ್ತಿದ್ದಳು.

ದಸರೆಗೆ ಬರಬೇಕಿದ್ದ ಚೆಕ್ಕು ಬರಲಿಲ್ಲ. ಒಂದು ದಿನ ಬೆಳಿಗ್ಗೆ ನೀರಿನ ಮೋಟರು ಹಾಕಲು ಬಂದ ದತ್ತು ತಲೆ ಕೆರೆದುಕೊಳ್ಳುತ್ತ ಹೇಳಿದ. ‘ಏನೋ ತಿಳಿವಲ್ತರಿ. ನೋಡೋ ಮಂದಿ ಮೊದಲಿನಷ್ಟ ಅದಾರ, ಜಾಹೀರಾತು ಅರ್ಧಕ್ಕರ್ಧ ಕಡಿಮಿ ಆಗ್ಯಾವ. ಯಾರೋ ಅದನ್ನ ಕಾಣದಂಗ ಮಾಡ್ಕೊಂಡಾರ.’ ‘ಹೌದಾ, ಪಾಪ’ ಅಂದಳು ಸುಬ್ಬಲಕ್ಷ್ಮಿ. ಆಮೇಲೆ ಸುಮ್ಮನಿರಲಾರದೆ ವಾದಕ್ಕಿಳಿದಳು. ‘ಅಲ್ಲ ದತ್ತು, ಪೇಪರಲ್ಲಿ ಜಾಹೀರಾತು ಬಂದ್ರೆ ನಾನು ಪುಟ ತಿರುಗಿಸ್ತೀನಿ. ಟೀವೀಲಿ ಬಂದ್ರೆ ಎದ್ದು ಅಡುಗೆಮನೆಗೆ ಹೋಗ್ತೀನಿ. ಅದನ್ನ ಕಳ್ಳತನ ಅಂತಾರಾ? ನನ್ನ ಕಣ್ಣು ನಂದು ತಾನೇ?’ ದತ್ತು ಸ್ವಲ್ಪ ಯೋಚಿಸಿದ. ಅವನಿಗೆ ವಾದ ಮಾಡುವ ಚಟವಿರಲಿಲ್ಲ. ‘ನೋಡ್ರಿ ಅಂತ ನಾ ಎಲ್ಲಿ ಅಂದೀನ್ರಿ? ಬಾಗಿಲಿನ್ಯಾಗ ಕುಂತವನ್ನ ನೋಡದ ಹೋಗೋದು ಬ್ಯಾರೆ, ಅವನ್ನ ಎಬ್ಬಿಸಿ ಕಳಸೋದು ಬ್ಯಾರೆ. ಬಿಸಲಾಗ ನಿಂತು ಬರದದ್ದು ಬೇಕು, ನಾ ಬ್ಯಾಡ ಅಂದಂಗ ಆತಲ್ರಿ ಅದು.’ ಯಾರನ್ನೋ ಕುರಿತು, ತನಗೆ ಗೊತ್ತಿಲ್ಲದವರನ್ನು ಕುರಿತು ಅಂದದ್ದು. ಅವಳ ಮುಖ ಬಿಸಿಯಾಯಿತು. ಕೇಬಲು ನನ್ನದು, ಕರೆಂಟು ನನ್ನದು, ನನ್ನ ನೆತ್ತಿಯ ಮೇಲೆ ಕೂತು ನನಗೇ ನೀತಿ ಹೇಳುತ್ತಾನೆ! ಆ ದಿನದಿಂದ ಅವನ ಕೆಮ್ಮು, ಅವನ ಚಪ್ಪಲಿಯ ಸದ್ದು, ಅವನು ‘ಅಕ್ಕಾರ’ ಎಂದು ಕರೆಯುವ ಬಗೆ ಯಾವುದೂ ಸೇರದಾಯಿತು. ಅವನು ಹೇಳಿದ್ದು ತಪ್ಪೆಂದು ತೋರಿಸಲು ಎಷ್ಟು ಯೋಚಿಸಿದರೂ ಮಾತು ಸಿಗಲಿಲ್ಲ. ಅದಕ್ಕೇ ಹೆಚ್ಚು ಸಿಟ್ಟು.

ಆದರೂ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿತ್ತು. ಯಾರ ಋಣವೂ ಇರಬಾರದು ಎಂದು ಅಮ್ಮ ಬೆಳೆಸಿದ್ದಳು. ಮನಸ್ಸಿಗೆ ಚುಚ್ಚಿದಾಗಲೆಲ್ಲ ಕಾಲೊನಿಯ ಆಂಜನೇಯನ ಗುಡಿಗೆ ಹೋಗಿ ನೂರೆಂಟು ಪ್ರದಕ್ಷಿಣೆ ಹಾಕುವುದು ಅವಳ ರೂಢಿ. ಲೆಕ್ಕ ತಪ್ಪದಿರಲೆಂದು ನೂರೆಂಟು ಹುಣಿಸೆಬೀಜವನ್ನು ಸ್ಟೀಲ್ ಬಟ್ಟಲಲ್ಲಿಟ್ಟುಕೊಂಡಿದ್ದಳು. ಸುತ್ತಿಗೊಂದು ಬೀಜ ಬಾಗಿಲ ಬಳಿ ಇಡುತ್ತ ಹೋಗುವುದು, ಬಟ್ಟಲು ಖಾಲಿಯಾದಾಗ ಮನಸ್ಸೂ ಖಾಲಿ. ಆ ಶನಿವಾರವೂ ಗುಡಿಗೆಂದೇ ಬಟ್ಟಲು ಕೈಗೆತ್ತಿಕೊಂಡಿದ್ದು. ಹೊಸಲು ದಾಟುವಾಗ ಅನ್ನಿಸಿತು: ದತ್ತುವಿಗೆ ಮಾಡಿದ್ದಕ್ಕೆ ಆಂಜನೇಯನನ್ನು ಸುತ್ತಿದರೆ ಏನು ಬಂತು? ಎಲ್ಲಿ ಕಿತ್ತುಕೊಂಡೆನೋ ಅಲ್ಲೇ ಕೊಡಬೇಕು. ಚಪ್ಪಲಿ ಬಿಟ್ಟು ವಾಪಸು ಬಂದು ಕಂಪ್ಯೂಟರಿನ ಮುಂದೆ ಕೂತಳು. ಶಿಶಿರ್ ಹಾಕಿದ್ದನ್ನು ತೆಗೆದಳು. ಒಂಬತ್ತು ತಿಂಗಳ ಮೇಲೆ ಜಾಹೀರಾತುಗಳು ಬಂದವು, ಮೊದಲಿನದೇ ರೇಷ್ಮೆ ಸೀರೆಯ ಹೆಣ್ಣು, ಹೊಸಕೋಟೆಯ ಸೈಟು, ಕೂದಲು ಉದುರುವುದಕ್ಕೆ ಎಣ್ಣೆ. ಒಂದನ್ನು ಒತ್ತಿದಳು, ತೆರೆಯಿತು, ಮುಚ್ಚಿದಳು, ಬೀಜವೊಂದನ್ನು ಬಟ್ಟಲಿನಿಂದ ಮೇಜಿನ ಮೇಲಿಟ್ಟಳು. ಮತ್ತೆ ಒತ್ತಿದಳು. ಮೇಲೆ ಯಾರೂ ಇರಲಿಲ್ಲ. ಅವನು ಬಸ್‌ಸ್ಟ್ಯಾಂಡಿನಲ್ಲಿ, ಅವಳು ಗಾರ್ಮೆಂಟ್ಸಿನಲ್ಲಿ. ಹಸಿದವರಿಗೆ ಬಡಿಸುತ್ತಿದ್ದೇನೆ ಅನ್ನಿಸಿ ಅವಳಿಗೆ ಕಣ್ಣು ತುಂಬಿ ಬಂತು.

ಅರವತ್ತೊಂದನೆಯ ಬೀಜಕ್ಕೆ ನೆನಪಾಯಿತು. ಕೇಬಲು ಎಳೆದ ದಿನ ದತ್ತು ಇದೇ ಮೇಜಿನ ಹತ್ತಿರ ನಿಂತು ಹೇಳಿದ್ದು. ‘ಒಂದ್ ಮಾತ್ರಿ ಅಕ್ಕಾರ. ಈ ಮನಿಯಿಂದ ಯಾರೂ ಜಾಹೀರಾತು ಒತ್ತಂಗಿಲ್ಲ. ನಿಮ್ಮದೂ ನಮ್ಮದೂ ಒಂದ ಕನೆಕ್ಷನ್, ನಾನ ಒತ್ತೀನಿ ಅಂತ ತಿಳಕೊಂಡು ಕಂಪನಿಯವ್ರು ಬಂದ್ ಮಾಡಿಬಿಡ್ತಾರ.’ ನಾನ್ಯಾಕಪ್ಪ ಒತ್ಲಿ ಎಂದು ಅವಳು ನಕ್ಕಿದ್ದಳು. ಬೆರಳು ಅಲ್ಲೇ ನಿಂತಿತು. ಗಡಿಯಾರದಲ್ಲಿ ಮೂರೂಕಾಲು. ನಿಲ್ಲಿಸಬಹುದಾಗಿತ್ತು. ಅರವತ್ತೊಂದಕ್ಕೆ ಅವರು ಏನೂ ಮಾಡದೆ ಇರಬಹುದಾಗಿತ್ತು, ಯಾರಿಗೆ ಗೊತ್ತು. ಆದರೆ ಬಟ್ಟಲಲ್ಲಿ ಇನ್ನೂ ಬೀಜಗಳಿದ್ದವು, ಸಂಕಲ್ಪ ಮಾಡಿದ್ದನ್ನು ಅರ್ಧಕ್ಕೆ ಬಿಟ್ಟರೆ ದೋಷ. ಅದೊಂದೇ ಅಲ್ಲ. ಇದನ್ನು ಅವಳು ಯಾರಿಗೂ ಹೇಳಲಾರಳು, ತನಗೂ ಒಂದೇ ಸಲ ಹೇಳಿಕೊಂಡಿದ್ದಳು. ಬಾಗಿಲಲ್ಲಿ ಕೂತವನ ಮಾತು ಹೇಳಿದ ಆ ಬಾಯಿ, ಸಾಧುವಿನ ಹಾಗೆ ತಲೆ ಕೆರೆದುಕೊಂಡ ಆ ಮುಖ ನೆನಪಾಗಿತ್ತು. ನೋಡೋಣ ಏನಾಗುತ್ತದೋ ಎಂದು ಒಂದು ತಣ್ಣನೆಯ ಕುತೂಹಲ ಹುಟ್ಟಿತ್ತು. ಅರವತ್ತೆರಡನೆಯ ಬೀಜವನ್ನು ಮೇಜಿನ ಮೇಲಿಟ್ಟಳು. ಅಲ್ಲಿಂದ ಮುಂದೆ ಕೈ ಮೊದಲಿಗಿಂತ ಚುರುಕಾಯಿತು. ಮುಗಿದ ಮೇಲೆ ಬೀಜಗಳನ್ನೆಲ್ಲ ಬಟ್ಟಲಿಗೆ ತುಂಬಿ, ಕೈಕಾಲು ತೊಳೆದು, ಕಾಫಿ ಮಾಡಿಕೊಂಡು ಕುಡಿದಳು. ಚೆನ್ನಾಗಿ ನಿದ್ದೆ ಬಂದಿತ್ತು ಅವತ್ತು.

ಮೆಟ್ಟಿಲ ಮೇಲೆ ಹೆಜ್ಜೆಯ ಸದ್ದಾಯಿತು. ಇಬ್ಬರದೂ. ಸುಬ್ಬಲಕ್ಷ್ಮಿ ಹುರುಳಿಕಾಯಿಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಸೆರಗು ಸರಿಮಾಡಿಕೊಂಡು ಹಾಲಿಗೆ ಬಂದಳು. ಗೊತ್ತಾಗಿರಬೇಕು. ಗೊತ್ತಾಗಿದ್ದರೆ ಒಳ್ಳೆಯದೇ ಆಯಿತು, ತಾನಾಗಿ ಹೇಳುವ ಕಷ್ಟ ತಪ್ಪಿತು ಎಂದೂ ಅನ್ನಿಸಿತು. ಕೇಳಿದರೆ ಹೇಳಿಬಿಡುತ್ತೇನೆ. ಕೇಳಿದರೆ ಸಾಕು.

ದತ್ತು ಒಳಗೆ ಬಂದ. ಎರಡು ದಿನದ ಗಡ್ಡ, ಕಣ್ಣು ಕೆಂಪು. ಲಕ್ಷ್ಮಿದೇವಿ ಹೊಸಲಿನ ಆಚೆಯೇ ನಿಂತಳು. ಅವಳ ಎಡಗೆನ್ನೆಯ ಮೇಲೆ ನಾಲ್ಕು ಬೆರಳು ಮೂಡಿದ್ದವು.

‘ಅಕ್ಕಾರ, ನೀವ ಹೇಳ್ರಿ’ ಅಂದ ದತ್ತು. ದನಿ ಉಡುಗಿತ್ತು. ‘ಇಕಿ ಒಂದ ಸರ್ತಿ ಒತ್ತೀನಿ ಅಂತಾಳ. ಮದಲ ಇಲ್ಲ ಅಂದ್ಳು, ಈಗ ಒಂದ ಸರ್ತಿ ಅಂತಾಳ.’

‘ದೀಪಾವಳಿ ಮುಂದ್ರಿ ಅಕ್ಕಾರ’ ಎಂದು ಲಕ್ಷ್ಮಿದೇವಿ ಹೊಸಲಿನ ಆಚೆಯಿಂದ ಬಾಯಿಬಿಟ್ಟಳು. ‘ಇಳಕಲ್ ಸೀರಿದು ಬಂದಿತ್ತು. ಹೆಂಗ ಅದ ನೋಡಬೇಕು ಅನಸ್ತು. ಒಂದ ಸರ್ತಿರಿ. ದೇವರಾಣಿ, ಮತ್ತ ಮುಟ್ಟಿಲ್ಲ.’

‘ದೀಪಾವಳಿ ಆಗಿ ಎರಡ ತಿಂಗಳಾತು’ ಅಂದ ದತ್ತು. ‘ಒಂದ ಸರ್ತಿ ಒತ್ತಿದ್ದಕ್ಕ, ಎರಡ ತಿಂಗಳ ಮ್ಯಾಲ ಬಂದ್ ಮಾಡ್ತಾರೇನ್ರಿ? ನನಗ ತಲಿ ಓಡವಲ್ದು. ಸಿಟ್ಟಿನಾಗ ಕೈ ಮಾಡೀನಿ.’ ಹೆಂಡತಿಯ ಕೆನ್ನೆಯ ಕಡೆ ನೋಡಿದ. ‘ನೀವ್ ಕಂಪ್ಯೂಟರ್ ಬಲ್ಲವ್ರು, ಸುಳ್ಳ ಆಡೋರಲ್ಲ. ಒಂದ ಸರ್ತಿಗೆ ಹಂಗ ಆಗಂಗಿಲ್ಲ ಅಂತ ನೀವ್ ಒಂದ ಮಾತ ಅಂದ್ರ ಸಾಕ್ರಿ, ನಾ ಇಕಿನ್ನ ನಂಬ್ತೀನಿ. ಚೆಕ್ ಹಾಳಾಗಿ ಹೋಗ್ಲಿ.’

ಅವನು ಕೇಳಬಾರದ್ದನ್ನು ಕೇಳಿದ್ದ. ನೀವು ಒತ್ತಿದಿರಾ ಎಂದು ಕೇಳಿದ್ದರೆ ಹೌದು ಎನ್ನುತ್ತಿದ್ದಳು, ಹೌದು ಎನ್ನುತ್ತಿದ್ದೆ ಎಂದು ಆ ಗಳಿಗೆಯಲ್ಲಿ ಅವಳು ಮನಸಾರೆ ನಂಬಿದಳು. ಆದರೆ ಅವನು ಬೇಡುತ್ತಿದ್ದದ್ದು ಬೇರೆ: ಆಗುವುದಿಲ್ಲ ಎಂಬ ಒಂದು ಮಾತು. ಅದನ್ನು ಹೇಳುವುದು ಸುಲಭವಾಗಿತ್ತು, ಅದು ನಿಜವೂ ಆಗಿತ್ತು. ಹೇಳಿದ ಮೇಲೆ? ಇವಳಲ್ಲ, ಇವನಲ್ಲ ಎಂದಾದ ಮೇಲೆ ಆ ಕೇಬಲಿನ ಇನ್ನೊಂದು ತುದಿ ಎಲ್ಲಿದೆ ಎಂದು ಅವನು ಇವತ್ತಲ್ಲದಿದ್ದರೆ ನಾಳೆ ನೋಡದೆ ಇರುತ್ತಾನೆಯೇ? ಮೇಜಿನ ಮೇಲಿದ್ದ ಕಂಪ್ಯೂಟರು ಅವಳ ಬೆನ್ನ ಹಿಂದೆ ಇತ್ತು. ಅವಳು ತಿರುಗಿ ನೋಡಲಿಲ್ಲ. ಲಕ್ಷ್ಮಿದೇವಿ ಆಸೆಯಿಂದ ಅವಳ ಬಾಯನ್ನೇ ನೋಡುತ್ತಿದ್ದಳು, ದೀಪಾವಳಿಯ ಸೀರೆಯನ್ನು ನೋಡಿದ್ದೂ ಹೀಗೆಯೇ ಇರಬೇಕು.

‘ಒಂದೇ ಸಲ ಅಂತಾನೇ ಎಲ್ಲರೂ ಹೇಳೋದು, ದತ್ತು’ ಅಂದಳು ಸುಬ್ಬಲಕ್ಷ್ಮಿ.

ಬಹಳ ಮೆತ್ತಗೆ, ಸಂಕಟದಿಂದ ಹೇಳಿದಳು. ಸಂಕಟ ನಿಜವಾಗಿಯೂ ಇತ್ತು. ದತ್ತು ಮುಖ ಗೋಡೆಯ ಕಡೆಗೆ ತಿರುಗಿಸಿ, ಅಲ್ಲಿ ತೂಗುತ್ತಿದ್ದ ಕ್ಯಾಲೆಂಡರನ್ನು ಓದುವವನಂತೆ ನಿಂತ. ಹೊರಗೆ ಯಾರೋ ಔಟಾದರು, ಮಕ್ಕಳೆಲ್ಲ ಹೋ ಎಂದು ಕಿರುಚಿದರು. ಲಕ್ಷ್ಮಿದೇವಿಗೆ ಸಿಟ್ಟು ಬರಲಿಲ್ಲ. ಅವಳ ಹುಬ್ಬು ಗಂಟಾಯಿತು. ಎಲ್ಲಿಟ್ಟೆನೋ ಎಂದು ಹುಡುಕುವವರ ಹಾಗೆ ಅತ್ತ ಇತ್ತ ನೋಡಿದಳು. ಇಷ್ಟು ಓದಿದ, ಇಷ್ಟು ದೊಡ್ಡ ಹೆಂಗಸು ಸುಳ್ಳು ಹೇಳಲಾರಳು. ಹಾಗಾದರೆ ತನ್ನ ನೆನಪೇ ಸರಿಯಿಲ್ಲ.

‘ಎರಡ ಸರ್ತಿ ಇರಬೇಕ್ರಿ’ ಅಂದಳು ಮೆಲ್ಲಗೆ. ಯಾರೂ ಮಾತಾಡದ್ದು ನೋಡಿ, ‘ಮೂರೂ ಇದ್ದೀತು. ಕಸ ಹೊಡಿಯುವಾಗ ಕೈ ತಾಗಿರಬೇಕು. ನನಗ ನೆನಪಿಲ್ರಿ ಅಕ್ಕಾರ, ನನ್ನ ತಲಿ ಸುಮಾರದ. ಭಾಳ ಸರ್ತಿ ಒತ್ತೀನೇನೋ.’

ಶುಕ್ರವಾರದಿಂದ ಮೊದಲ ಸಲ ಸುಬ್ಬಲಕ್ಷ್ಮಿಯ ಉಸಿರು ಹೊಟ್ಟೆಯ ತನಕ ಹೋಯಿತು. ಈ ಬಡಪಾಯಿಯ ಮೇಲೆ ಅವಳಿಗೆ ಎಂದೂ ಇಲ್ಲದ ಮಮತೆ ಹುಟ್ಟಿತು. ಹೊಸಲ ತನಕ ಹೋಗಿ, ಮೂಡಿದ ಬೆರಳುಗಳ ಮೇಲೆ ತನ್ನ ತಣ್ಣನೆಯ ಅಂಗೈ ಇಟ್ಟಳು.

‘ನೋಡಮ್ಮ, ನಿಜ ಹೇಳಿದ್ಮೇಲೆ ಎಷ್ಟು ಹಗುರ ಆಗುತ್ತೆ’ ಅಂದಳು. ‘ದತ್ತು, ಇನ್ಮೇಲೆ ಕೈ ಮಾಡ್ಬೇಡಿ, ತಪ್ಪು ಒಪ್ಕೊಂಡಿದ್ದಾಳೆ. ಸ್ವಲ್ಪ ದಿನ ಊರಲ್ಲಿದ್ದು ಬರ್ಲಿ. ರೈಲು ಎಷ್ಟು ಗಂಟೆಗೆ?’

‘ಎಂಟಕ್ರಿ’ ಅಂದ ದತ್ತು, ಗೋಡೆಯ ಕಡೆಗೇ.

‘ಮೊಸರನ್ನ ಕಲಸಿ ಕೊಡ್ತೀನಿ ಲಕ್ಷ್ಮಿ, ದಾರೀಲಿ ತಿನ್ನು. ಆಚೆ ಏನೂ ತಗೋಬೇಡ.’

‘ಹೂನ್ರಿ ಅಕ್ಕಾರ’ ಎಂದು ಲಕ್ಷ್ಮಿದೇವಿ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ ಹೊಸಲು ದಾಟಿ ಒಳಗೆ ಬಂದು, ಬಗ್ಗಿ, ಸುಬ್ಬಲಕ್ಷ್ಮಿಯ ಎರಡೂ ಪಾದಗಳನ್ನು ಮುಟ್ಟಿ, ತಪ್ಪಾತ್ರಿ ಅಂದಳು. ಸುಬ್ಬಲಕ್ಷ್ಮಿ ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.